ರಾಣಿಯ ಪಾಲಿನ ಹಾಲು

“ನಿಮ್ಮಪ್ಪ ಬಂದು ನಿಂತಾನ್ರಿ, ಹಿಂದಿನ ಬಾಗಲದಾಗ” ಎಂದು ನಬೀಸಾಬ್ ಬಂದು ಹೇಳಿದಾಗ ತಾಯಣ್ಣನ ಅರ್ಧ ಮುಖಕ್ಕಷ್ಟೇ ಬಣ್ಣ ಬಿದ್ದಿತ್ತು. ಅವನ ಅಪ್ಪ ಸತ್ತು ಒಂಬತ್ತು ವರ್ಷವಾಗಿತ್ತು.

“ಯಾರಪ್ಪಲೇ?”

“ನಿಮ್ಮಪ್ಪನ ರೀ. ಮೂಗು, ಹಣಿ ಎಲ್ಲಾ ನಿಮ್ದ. ನಾ ಏನ್ ಕುರುಡ ಏನ್ರಿ?”

ನಬೀಸಾಬ್ ನಾಟಕ ಕಂಪನಿಯ ಗೇಟು ಕಾಯುವವನು. ಒಮ್ಮೆ ಟಿಕೆಟ್ಟಿಲ್ಲದೆ ನುಗ್ಗಿದವನ ಮುಖವನ್ನು ಮುಂದಿನ ವರ್ಷ ಬೇರೆ ಊರಿನಲ್ಲೂ ಗುರುತು ಹಿಡಿಯುತ್ತಿದ್ದ. ಅವನು ತಪ್ಪುವವನಲ್ಲ. ತಾಯಣ್ಣ ರಾಣಿಯ ಸೀರೆಯ ಮೇಲೊಂದು ಶಾಲು ಹೊದ್ದು ಎದ್ದ.

ರಾಯಚೂರು ಸ್ಟೇಷನ್ನಿನ ಆಚೆಗಿನ ಬಯಲಿನಲ್ಲಿ ಕಂಪನಿಯ ತಗಡಿನ ಥಿಯೇಟರು. ಅದರ ಹಿಂದಿನ ಬೇವಿನ ಗಿಡದ ಕೆಳಗೆ ಅಪ್ಪ ನಿಂತಿದ್ದ. ಅದೇ ಬಾಗಿದ ಬೆನ್ನು, ಎಡಗಾಲ ಮೇಲೆ ಬಲಗಾಲಿಟ್ಟು ನಿಲ್ಲುವ ಅದೇ ರೀತಿ. ಸಂಜೆಯ ಬಿಸಿಲು ಅವನ ಹಿಂದಿತ್ತು. ಮುಖ ನೆರಳಿನಲ್ಲಿತ್ತು.

“ಅಣ್ಣಾ” ಎಂದಿತು ಆ ಆಕಾರ.

ದನಿ ಮಾತ್ರ ಪ್ರಾಯದ್ದು. ತಾಯಣ್ಣನಿಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಹುಸೇನಪ್ಪನದು. ಇನ್ನೂ ಮೂವತ್ತು ದಾಟಿರದ ಅವನ ಕೈಗಳು ಮಣಿಕಟ್ಟಿನವರೆಗೆ ಸೀದ ರೊಟ್ಟಿಯ ಹಾಗೆ ಕಪ್ಪಾಗಿ ಬಿರಿದಿದ್ದವು. ಕೊರಳ ಸುತ್ತಲೂ ಅದೇ ಕಪ್ಪು, ಯಾರೋ ಹಗ್ಗ ಹಾಕಿ ಎಳೆದು ಬಿಟ್ಟಂತೆ. ತಾಯಣ್ಣ ತನಗೆ ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿದ.

“ಮುಟ್ಟಂಗಿಲ್ಲೋ, ಅಂಜಬ್ಯಾಡ. ಅದಕ್ಕಂತ ದೂರ ನಿಂತೀನಿ. ಊರಾಗ ದೊಡ್ಡ ರೋಗ ಅಂತಾರ. ಬಾವಿ ಹತ್ರ ಬಿಡವಲ್ರು. ಹೊಲದಾಗ ಒಂದು ಗುಡಿಸಲ ಹಾಕಿ ಕೊಟ್ಟಾರ. ಅವ್ವ ಬದುವಿನ ಮ್ಯಾಲ ರೊಟ್ಟಿ ಇಟ್ಟು ಹೊಳ್ಳಿ ಹೋಗ್ತಾಳ.”

“ರೊಟ್ಟಿಗೆ ಏನ್ ಹಚ್ಚಿಕೊಂತಿ?”

“ಖಾರ. ಮತ್ತೇನು? ಸರಕಾರದ ಲೆವಿಗೆ ಅಳದು ಕೊಟ್ಟು ಉಳದದ್ದು ಜ್ವಾಳ ಅಷ್ಟ. ಬ್ಯಾಳಿ ಕಂಡು ಎಷ್ಟು ತಿಂಗಳಾತೋ.” ಹುಸೇನಪ್ಪ ಅಣ್ಣನ ಮುಖವನ್ನೇ ನೋಡಿ ನಕ್ಕ. “ಅರ್ಧ ಹೆಂಗಸಾಗಿ ಬಂದೀಯಲ್ಲೋ. ಉಳಿದರ್ಧಕ್ಕ ನಮಸ್ಕಾರ ಮಾಡ್ಲ್ಯಾ?”

ತಾಯಣ್ಣನಿಗೆ ನಗು ಬರಲಿಲ್ಲ. ಅವನನ್ನು ಸಾಮಾನಿನ ಗಾಡಿಯ ಮರೆಯಲ್ಲಿ ಕೂರಿಸಿ ಒಳಗೆ ಬಂದ. ಕನ್ನಡಿಯಲ್ಲಿ ಬಣ್ಣ ಹಚ್ಚದ ಅರ್ಧ ಮುಖ ಹುಸೇನಪ್ಪನದಾಗಿತ್ತು. ಅವನು ಬೇಗ ಬೇಗ ಬಿಳಿ ಬಳಿದುಕೊಂಡ.

ಬಾಲ್ಯದಲ್ಲಿ ಮಾನ್ವಿಯ ಕಡೆಯ ಅವರ ಊರಿಗೆ ಕಂಪನಿಯವರು ಹುಡುಗರನ್ನು ಹುಡುಕಿಕೊಂಡು ಬಂದಿದ್ದರು. ಹೆಣ್ಣುಪಾತ್ರಕ್ಕೆ ನುಣುಪಾದ ಮೈ ಬೇಕಿತ್ತು. ಅವರು ಮೊದಲು ಬೆರಳು ಮಾಡಿದ್ದು ಹುಸೇನಪ್ಪನ ಕಡೆಗೆ. “ಅಂವ ನನ್ನ ಬಿಟ್ಟು ಮಲಗಂಗಿಲ್ರಿ, ದೊಡ್ಡಾಂವನ್ನ ಒಯ್ರಿ” ಎಂದಿದ್ದಳು ತಾಯಿ ಅಂಬಮ್ಮ. ಅಷ್ಟೇ ಮಾತು. ಆ ಮಾತಿನ ನಂತರ ತಾಯಣ್ಣ ಖಾರ ಮುಟ್ಟಿರಲಿಲ್ಲ, ಹುಳಿ ಮುಟ್ಟಿರಲಿಲ್ಲ. ಊರಿಂದೂರಿಗೆ ಬಿಸಿಲು ತಾಗದಂತೆ ಪರದೆ ಕಟ್ಟಿದ ಗಾಡಿಯಲ್ಲಿ ಹೋದ. ಬೆಳಿಗ್ಗೆ, ಸಂಜೆ ಬಾದಾಮಿ ಅರೆದು ಹಾಕಿದ ಎಮ್ಮೆಯ ಹಾಲು. ಅದನ್ನು ಮಾಲಕರ ಎದುರಿಗೇ ಕುಡಿದು ಗ್ಲಾಸು ಬೋರಲು ಮಾಡಿ ತೋರಿಸಬೇಕು, ಯಾರಿಗೂ ಕೊಡುವಂತಿಲ್ಲ. “ಎಮ್ಮಿಗಿಂತ ನಿನ್ನ ಮೇವು ಹೆಚ್ಚಾತು” ಎಂದು ಉಳಿದ ನಟರು ಜೋಳದ ರೊಟ್ಟಿ ಮುರಿಯುತ್ತ ಹಂಗಿಸುತ್ತಿದ್ದರು. ಊರ ಹೆಂಗಸರು ಮಾತ್ರ ಅವನ ಕೆನ್ನೆ ನೋಡಿ ಒಬ್ಬರನ್ನೊಬ್ಬರು ಚಿವುಟಿಕೊಳ್ಳುತ್ತಿದ್ದರು.

ತಮ್ಮ ಬಂದ ಆ ರಾತ್ರಿಯ ಆಟದಲ್ಲಿ ರಾಜ ಕೊರಳಿಗೆ ಹೂಮಾಲೆ ಹಾಕುವಾಗ ತಾಯಣ್ಣನಿಗೆ ಮಾಲೆ ಕಾಣಲಿಲ್ಲ. ಕಪ್ಪಗೆ, ಒರಟಾಗಿ ಏನೋ ಬಂದು ಚರ್ಮಕ್ಕೆ ಅಂಟಿಕೊಂಡಂತಾಯಿತು. ಮಾತು ಮರೆತುಹೋಯಿತು. ಪಕ್ಕದ ಪರದೆಯಿಂದ ಎರಡು ಸಲ ಹೇಳಿಕೊಟ್ಟರೂ ಅವನು ಕೊರಳು ಮುಟ್ಟಿಕೊಳ್ಳುತ್ತ ನಿಂತೇ ಇದ್ದ.

ಮರುದಿನ ಬೆಳಿಗ್ಗೆ ಇಬ್ಬರೂ ಡಾಕ್ಟರರ ಮುಂದೆ ಕೂತರು. ಡಾಕ್ಟರರು ಹುಸೇನಪ್ಪನ ಕಪ್ಪು ಕೈಗೆ ಸೂಜಿ ಚುಚ್ಚಿದರು. “ಯವ್ವಾ!” ಎಂದು ಅವನು ಕೈ ಎಳೆದುಕೊಂಡ.

“ನೋವಾತೇನು? ಆಗ್ಲಿ, ಚಲೋ ಆತು. ಕುಷ್ಠ ಆಗಿದ್ರ ಗೊತ್ತ ಆಗ್ತಿರಲಿಲ್ಲ.” ನಾಲಿಗೆ ತೆಗೆಸಿ ನೋಡಿದರು. ಅದು ಸಿಪ್ಪೆ ಸುಲಿದಂತೆ ಕೆಂಪಗಿತ್ತು. “ಇದು ಊಟದ ಕೊರತಿ. ಬರೇ ಜ್ವಾಳದ ಮ್ಯಾಲ ಮನಷ್ಯಾ ಎಷ್ಟು ದಿನ ನಿಲ್ತಾನ? ಹಾಲು, ಬ್ಯಾಳಿ, ಶೇಂಗಾ, ತತ್ತಿ ಬೇಕು. ಸಿಕ್ರ ಮಾಂಸ. ಬಿಸಲು ಬಡೀಬಾರದು.”

“ಹಿಂಗ ಬಿಟ್ರ ಏನಾಗತದ್ರಿ?” ಎಂದ ತಾಯಣ್ಣ.

“ಮದಲ ಚರ್ಮ. ಆಮ್ಯಾಲ ಭೇದಿ ಹತ್ತತದ. ಆಮ್ಯಾಲ ತಲಿ ಕೆಡತದ. ಆಮ್ಯಾಲ ನನ್ನ ಹತ್ರ ಬರೂ ಕೆಲಸ ಇರಂಗಿಲ್ಲ.” ಡಾಕ್ಟರರು ಮೇಜಿನ ಮೇಲೆ ಪಕ್ಕಪಕ್ಕದಲ್ಲಿದ್ದ ನಾಲ್ಕು ಕೈಗಳನ್ನು ನೋಡಿದರು. “ಇಬ್ಬರೂ ಒಂದ ತಾಯಿ ಮಕ್ಕಳೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ತೊಳೆಯಲು ಎದ್ದರು.

ಹೊರಗೆ ಬಂದ ಮೇಲೆ ತಾಯಣ್ಣ ಕೇಳಿದ: “ಅಪ್ಪನ ಕೊರಳೂ ಹಿಂಗ ಇತ್ತೇನು?”

“ಇತ್ತು. ಕಡೀ ಮಳಿಗಾಲದಾಗ ಬಾವಿಯೊಳಗ ಬಗ್ಗಿ ಯಾರ ಕೂಡ್ಯೋ ಮಾತಾಡ್ತಿದ್ದ. ನನ್ನ ಗುರ್ತ ಹಿಡೀಲಿಲ್ಲ. ಗಾಳಿ ಬಡದದ ಅಂದ್ರು. ತಾಯತ ಕಟ್ಟಿಸಿದ್ವಿ.” ಹುಸೇನಪ್ಪ ಸೂಜಿ ಚುಚ್ಚಿದ ಜಾಗ ಉಜ್ಜಿಕೊಂಡ. “ಮೊನ್ನಿ ನಾನೂ ಅವ್ವನ್ನ ನೋಡಿ ‘ಯಾರವಾ ನೀ’ ಅಂದೆ. ಬರೇ ಒಂದು ಗಳಿಗಿ. ಅದಕ್ಕ ನಿನ್ನ ಹತ್ರ ಓಡಿ ಬಂದೆ.”

ಸಂಜೆ ಮಾಲಕ ಪ್ರಹ್ಲಾದರಾಯರು ಎಂದಿನಂತೆ ಥಿಯೇಟರಿನ ಹಿಂದೆ ಆರಾಮಕುರ್ಚಿಯಲ್ಲಿ ಕೂತಿದ್ದರು. ಹಾಲಿನ ಗ್ಲಾಸು ಬಂತು. ತಾಯಣ್ಣ ಅದನ್ನು ಹಿಡಿದು ನಿಂತ.

“ಮಾಲಕ್ರ, ಇನ್ನೊಂದು ಗ್ಲಾಸು ಹಾಲು ಸಿಗತದೇನ್ರಿ? ನನ್ನ ತಮ್ಮಗ. ಜೀವದ ಮ್ಯಾಲ ಬಂದದ.”

“ಎಲ್ಲಿಂದ ತರ್ಲೋ? ಯುದ್ಧದಾಗ ಎಮ್ಮಿ ಇದ್ದಾವ್ರೇ ಹಾಲು ಕಂಡಿಲ್ಲ. ನನ್ನ ಮೊಮ್ಮಗ ಗಂಜಿ ಕುಡ್ಯಾಕತ್ತಾನ. ದೇವದುರ್ಗದ ಕ್ಯಾಂಪಿನ್ಯಾಗ ಆಟಕ್ಕ ಕುರ್ಚಿ ಖಾಲಿ ಬಿದ್ದಿದ್ದು ನೀನೂ ನೋಡಿದಿ.”

“ಹಂಗಾರ ಇದನ್ನ ಕೊಡ್ತೀನ್ರಿ.”

ಪ್ರಹ್ಲಾದರಾಯರು ಎದ್ದು ಕೂತರು. “ಹುಬ್ಬಳ್ಳಿಯಿಂದ ಆ ಹೆಣ್ಣುಮಗಳು ಯಾಕ ಬಂದಾಳ ಅಂತ ನಿನಗ ತಿಳದಿಲ್ಲೇನು? ಈಗ ಹೆಣ್ಣಿನ ಪಾರ್ಟು ಹೆಣ್ಣ ಮಾಡ್ಬೇಕಂತಾರ ಮಂದಿ. ನಿನ್ನ ಗಲ್ಲ ನೋಡಿ ಇನ್ನೂ ತಡದೀನಿ. ಆ ಗಲ್ಲ ನಂದೋ, ತಾಯಣ್ಣಾ. ಹಾಲು ಹಾಕಿ ಬೆಳಸೀನಿ. ಅದನ್ನ ಒಣಗಿಸಿದ್ರ ಇವತ್ತಿಂದ ರಾಣಿ ಅಕಿ.” ದನಿ ತಗ್ಗಿಸಿದರು. “ಕುಡದು ಬಿಡಪಾ. ಬಣ್ಣ ಹಚ್ಚೂ ಹೊತ್ತಾತು.”

ಹಾಲಿನ ಮೇಲೆ ಕೆನೆ ಕಟ್ಟತೊಡಗಿತ್ತು. ಒಳಗೆ ಹಾರ್ಮೋನಿಯಂ ಶ್ರುತಿ ಹಿಡಿಯುತ್ತಿತ್ತು. ಇಷ್ಟು ವರ್ಷಗಳಲ್ಲಿ ರಾಣಿಯಾಗದೆ ತಾನು ಏನಾಗಬಹುದೆಂದು ತಾಯಣ್ಣ ಯೋಚಿಸಿದ್ದೇ ಇಲ್ಲ. ಈಗ ಯೋಚಿಸಿದರೂ ಅಲ್ಲಿ ಯಾರೂ ಕಾಣಲಿಲ್ಲ. ಅವನು ಗ್ಲಾಸು ಚೆಲ್ಲದಂತೆ ಹಿಡಿದು, ಮಾಲಕರಿಗೆ ಬೆನ್ನು ಮಾಡಿ, ಸಾಮಾನಿನ ಗಾಡಿಯ ಕಡೆಗೆ ನಡೆದ. ಹಿಂದಿನಿಂದ ಯಾರೂ ಕರೆಯಲಿಲ್ಲ.

“ನನಗಾ? ಏನ್ ಎಮ್ಮಿ ಕರಾ ಅಂತ ತಿಳ್ಕೊಂಡಿ ನನ್ನ?” ಎಂದ ಹುಸೇನಪ್ಪ.

“ಬಾಯಿ ಮುಚ್ಕೊಂಡು ಕುಡೀಲೇ.”

“ಬಾಯಿ ಮುಚ್ಕೊಂಡು ಹೆಂಗ ಕುಡೀಲಿ?”

ನಗುತ್ತಲೇ ತುಟಿಗಿಟ್ಟ. ಹುಣ್ಣಾದ ಬಾಯಿ ಉರಿದಿರಬೇಕು, ಕಣ್ಣಲ್ಲಿ ನೀರು ಬಂತು. ಗುಟುಕು ಗುಟುಕಾಗಿ ಇಳಿಸಿದ. ಪ್ರತಿ ಗುಟುಕಿಗೂ ತಾಯಣ್ಣನ ಗಂಟಲು ಏನೂ ಇಲ್ಲದೆಯೇ ನುಂಗಿತು. ಅತ್ತ ಒಳಗಿನಿಂದ ರಾಣಿಯ ಹಾಡು ಕೇಳಿಸತೊಡಗಿತು, ನಿಜವಾದ ಹೆಣ್ಣಿನ ದನಿಯಲ್ಲಿ.

ತಾಯಣ್ಣನ ಸ್ವಂತದ್ದೆಂದು ಇದ್ದದ್ದು ಒಂದು ಬನಾರಸಿ ಸೀರೆ. ಅದನ್ನು ಹುಬ್ಬಳ್ಳಿಯಿಂದ ಬಂದ ಹೊಸ ನಟಿಯೇ ಕೊಂಡಳು. ಉಟ್ಟು, ಸೆರಗು ತಿರುಗಿಸಿ, “ಹೆಂಗ ಕಾಣಸ್ತೀನ್ರಿ?” ಎಂದು ಅವನನ್ನೇ ಕೇಳಿದಳು. “ಚಂದ ಕಾಣ್ತೀರಿ” ಎಂದ ತಾಯಣ್ಣ. ಅದು ನಿಜವೂ ಆಗಿತ್ತು.

ಆ ವಾರ ಅಣ್ಣತಮ್ಮಂದಿರು ಮಾನ್ವಿಯ ಸಂತೆಗೆ ಬಂದರು. ಸೀರೆಯ ದುಡ್ಡಿನಲ್ಲಿ ಒಂದು ಪಡಿ ತೊಗರಿಬೇಳೆ, ಒಂದು ಗಂಟು ಶೇಂಗಾ, ಹಾಲು ಕೊಡುವ ಒಂದು ಆಡು ಕೊಂಡರು. ಊರಿಗೆ ಇನ್ನೂ ನಡೆಯಬೇಕಿತ್ತು. ಮಧ್ಯಾಹ್ನ ಇಳಿದಿದ್ದರೂ ಎರೆಹೊಲಗಳ ಮೇಲೆ ಬಿಸಿಲು ಹಾಗೆಯೇ ಇತ್ತು. ದಾರಿಯುದ್ದಕ್ಕೂ ಒಂದು ಗಿಡವಿರಲಿಲ್ಲ.

“ಅವ್ವ ಏನಂತಾಳೋ” ಎಂದ ಹುಸೇನಪ್ಪ.

“ಏನಂತಾಳ?”

“ಬಾವಿಗೆ ಬಿಡ್ತಾರೋ ಇಲ್ಲೋ. ಡಾಕ್ಟರ್ ಹೇಳಿದ್ದು ನೀನ ಹೇಳ್ಬೇಕು. ನಿನ್ನಂಗ ಮಾತಾಡಾಕ ನನಗ ಬರಂಗಿಲ್ಲ.”

“ಹೇಳ್ತೀನಿ.”

ಹುಸೇನಪ್ಪ ತಲೆಗೆ ಟವೆಲು ಹೊದ್ದಿದ್ದ. ಆಡಿನ ಹಗ್ಗ ಹಿಡಿದ ಕೈಗಳು ಮಾತ್ರ ಹೊರಗೆ ಬಿಸಿಲಲ್ಲೇ ಇದ್ದವು. ತಾಯಣ್ಣ ಅದನ್ನು ನೋಡಿದ. ತಮ್ಮನ ಹಿಂದಿನಿಂದ ದಾಟಿ ಪಡುವಣದ ಮಗ್ಗುಲಿಗೆ ಬಂದು ನಡೆಯತೊಡಗಿದ. ಅವನ ಬರಿ ಕೊರಳಿಗೆ, ಕೆನ್ನೆಗೆ ಬಿಸಿಲು ನೇರವಾಗಿ ಬಡಿಯಿತು. ತಮ್ಮ ನಿಧಾನ ಮಾಡಿದರೆ ಅವನೂ ನಿಧಾನ ಮಾಡಿದ, ಆಡು ಎಳೆದಾಗ ಅವನೂ ಬೇಗ ಹೆಜ್ಜೆ ಹಾಕಿದ. ಹೊತ್ತು ಇಳಿದಂತೆ ಅವನ ನೆರಳು ಉದ್ದವಾಗುತ್ತ, ತಮ್ಮನ ಮೈಮೇಲೆ ಏರುತ್ತ, ಹಗ್ಗ ಸುತ್ತಿದ ಕಪ್ಪು ಬೆರಳುಗಳನ್ನು ಒಂದೊಂದಾಗಿ ಮುಚ್ಚಿತು.