ಪಟೇಲರ ಎಲೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಮನೆಯ ಆಳು ಬೋರಲಿಂಗಯ್ಯನ ಫೋನು ಬಂದಾಗ ಮುನಿಯಮ್ಮ ಹುಳುಮನೆ ಗುಡಿಸುತ್ತಿದ್ದಳು.

“ಅವ್ವಾ, ಗೌಡ್ರು ಎದೆ ಹಿಡ್ಕಂಡು ಕುಂತೋರು ಏಳ್ನಿಲ್ಲ.”

ಬೆಳಿಗ್ಗೆ ಅವನ ಜೊತೆ ಗೂಡು ಮಾರಲು ಹೋಗಿದ್ದ ಗಂಡ ತಿಮ್ಮಯ್ಯ ಮಧ್ಯಾಹ್ನ ತಮ್ಮೂರು ಬೈರಾಪಟ್ಟಣಕ್ಕೆ ಹೆಣವಾಗಿ ಬಂದ.

ಹನ್ನೊಂದನೆಯ ದಿನ ತಿಥಿ. ತಿಮ್ಮಯ್ಯನಿಗೂ ಮನೆಯ ಹಿರಿಯರಿಗೂ ಬಾಳೆಲೆ ಹಾಕಿ, ಒಬ್ಬೊಬ್ಬರ ಹೆಸರು ಹೇಳಿ ಎಡೆಯಿಡಬೇಕು. ಮೈದುನ ನಟರಾಜು ಒಂದೆಲೆ ಹೆಚ್ಚಿಗೆ ತಂದ.

“ಇದು ನಮ್ಮ ತಾತ ಪಟೇಲರದು.”

ಊರಬಾವಿಯಲ್ಲಿ ನೀರು ಸೇದಿದನೆಂದು ಬೋರಲಿಂಗಯ್ಯನ ತಾತನನ್ನು ಹುಣಸೆಮರಕ್ಕೆ ಕಟ್ಟಿಸಿ ಹೊಡೆಸಿದವರು ಆ ಪಟೇಲರು. ಯಜಮಾನಿಕೆ ಕೈಗೆ ಬಂದ ವರ್ಷವೇ ತಿಮ್ಮಯ್ಯ ಅವರ ಎಲೆ ನಿಲ್ಲಿಸಿದ್ದ.

ಮೊಮ್ಮಗಳು ದಿವ್ಯ ಅಡ್ಡ ನಿಂತಳು. “ತಾತ ಬ್ಯಾಡ ಅಂದಿದ್ರು.”

“ಆ ಕಾಲ್ದಲ್ಲಿ ಎಲ್ರೂ ಹಂಗೇ ಇದ್ರು ಕಣಮ್ಮ. ಈಗಿನ ನ್ಯಾಯದಲ್ಲಿ ಅವರನ್ನ ಅಳೆದ್ರೆ ಆಯ್ತದಾ?”

“ಏಟು ತಿಂದೋರೂ ಆ ಕಾಲ್ದೋರೇ ಅಲ್ವಾ ಚಿಕ್ಕತಾತ? ಅವರಿಗೂ ಅದು ನ್ಯಾಯ ಅನ್ಸಿತ್ತಾ?”

“ಇವಳನ್ನ ಕಾಲೇಜಿಗೆ ಕಳ್ಸಿದ್ದೇ ತಪ್ಪಾಯ್ತು. ಅತ್ಗೆ, ನೀವೇ ಹೇಳಿ.”

ಎಲೆ ಬೇಡವೆಂದರೆ ಗಂಡನ ಮಾತು ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಆದರೆ ಮುನಿಯಮ್ಮ ಈ ಮನೆಗೆ ಬಂದಾಗ ಬೋರಲಿಂಗಯ್ಯನ ಚೊಂಬು ಬೇರೆಯಾಗಿ ಕೊಟ್ಟಿಗೆಯ ಸೂರಿನಲ್ಲಿತ್ತು. ಹನ್ನೆರಡು ವರ್ಷ ಅವಳೇ ಅದಕ್ಕೆ ಮುಟ್ಟದೆ ಮೇಲಿನಿಂದ ನೀರು ಹೊಯ್ದಿದ್ದಳು. ತಿಮ್ಮಯ್ಯ ನೋಡುತ್ತಿದ್ದ, ಒಂದು ಮಾತೂ ಆಡಿರಲಿಲ್ಲ. ಪಟೇಲರನ್ನು ಅಳೆದ ಅಳತೆಯಲ್ಲೇ ಅಳೆದರೆ ಅವನಿಗೂ ಎಲೆಯಿಲ್ಲ, ನಾಳೆ ತನಗೂ ಇಲ್ಲ.

ಜಗಲಿಯಲ್ಲಿ ಕುಳಿತಿದ್ದ ಬೋರಲಿಂಗಯ್ಯನನ್ನು ಕೇಳಿದಳು. “ಏನ್ ಮಾಡನ ಬೋರಲಿಂಗಯ್ಯ?”

“ನನ್ನ ಯಾಕವ್ವ ಕೇಳ್ತೀರಿ? ಎಲೆ ನಿಮ್ಮನೇದು. ಏಟು ಬಿದ್ದ ಬೆನ್ನು ನಮ್ಮನೇದು.”

ಕೇಳಬಾರದಿತ್ತು ಎಂದು ಮುನಿಯಮ್ಮನಿಗೆ ಆಮೇಲೆ ಅನ್ನಿಸಿತು.

ಒಳಗೆ ಬಂದು ಮೈದುನನಿಗೆ ಹೇಳಿದಳು. “ಎಲೆ ಹಾಕು ನಟರಾಜು. ಹೆಸರು ಹೇಳುವಾಗ ಹೊಡೆಸಿದ್ದನ್ನೂ ಹೇಳು.”

“ತಿಥಿ ದಿನ ಇಂಥ ಮಾತಾ ಅತ್ಗೆ?”

“ಇಂಥ ಮಾತೇ. ನಿಮ್ಮಣ್ಣನ ಎಲೆ ಮುಂದೆ ಚೊಂಬಿನ ಸಂಗತಿ ನಾನು ಹೇಳ್ತೀನಿ.”

“ಯಾವ ಚೊಂಬು ಅಜ್ಜಿ?” ಎಂದಳು ದಿವ್ಯ.

ಮುನಿಯಮ್ಮ ಹೇಳಿದಳು. ನೀರು ಹೊಯ್ದದ್ದು ತನ್ನ ಕೈಯೇ ಎಂಬುದನ್ನೂ ಬಿಡಲಿಲ್ಲ. ದಿವ್ಯಳ ಮುಖ ಸಣ್ಣದಾಯಿತು. ತಾತನ ಎಲೆಯ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ತಾನೇ ಅನ್ನ ಬಡಿಸಿದಳು.

ನಟರಾಜು ಪಟೇಲರ ಎಲೆ ಹಾಕಿ, ಹೆಸರಿನ ಜೊತೆ ಹುಣಸೆಮರದ ಸಂಗತಿಯನ್ನೂ ಹೇಳಿದ. ಮುನಿಯಮ್ಮ ಕೈಮುಗಿದಳು. “ಮಾದಪ್ಪಾ, ಒಳ್ಳೇದೂ ಕೆಟ್ಟದ್ದೂ ನಿನ್ನ ಮುಂದೆ ಇಟ್ಟಿದ್ದೀನಿ. ಇಬ್ರ ಜೀವಕ್ಕೂ ನೆಮ್ಮದಿ ಕೊಡಪ್ಪ.”