ಪಹಿಂಗ್ ದಿನದ ಪರ್ತಿನಿ

೧

ನಮ್ಮ ಜಾವಾ ದ್ವೀಪದ ಸೋಲೋ ನಗರ ನೋಡಲು ಬರುವವರಿಗಾಗಿ ಎರಡು ಪುಟ ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಅರಮನೆಯಿಂದ ಶುರು ಮಾಡಿದೆ, ನನಗೇ ಆಕಳಿಕೆ ಬಂತು. ಗಮೆಲಾನ್ ವಾದ್ಯಗಳಿಂದ ಶುರು ಮಾಡಿದೆ; ಕಾಗದದ ಮೇಲೆ ಜಾಗಟೆ ಬಾರಿಸಿದರೆ ಯಾರಿಗೆ ಕೇಳುತ್ತದೆ? ಹರಿದು ಹಾಕಿದೆ.

ಸರಿ, ನಿಜವಾಗಿಯೂ ಊರು ನೋಡಲು ಬಂದ ಒಬ್ಬರನ್ನೇ ಹಿಡಿದುಕೊಳ್ಳುತ್ತೇನೆ. ಹೆಸರು ಮಾರ್ಗೊನೊ. ವಯಸ್ಸು ಅರವತ್ತು, ಹೆಂಡತಿ ತೀರಿಕೊಂಡಿದ್ದಾರೆ, ಸುರಬಾಯದಿಂದ ರೈಲಿನಲ್ಲಿ ಬಂದಿದ್ದಾರೆ. ನಮ್ಮ ಗಲ್ಲಿಯಲ್ಲೇ ಬೆಳೆದವರು, ಈಗ ಪ್ರವಾಸಿಗರಂತೆ ಲಾಡ್ಜಿನಲ್ಲಿ ಇಳಿದಿದ್ದಾರೆ.

೨

(ಡ್ರಾಫ್ಟ್ ಒಂದು. ರದ್ದಾಗಿದೆ.) ಮಾರ್ಗೊನೊ ಬಂದಾಗ ಪರ್ತಿನಿ ಯಾರದೋ ಮದುವೆಗೆ ಮಲ್ಲಿಗೆ ಕಟ್ಟುತ್ತಿದ್ದಳು. ಮೂವತ್ತೈದು ವರ್ಷದ ಹಿಂದೆ ಅವರಿಬ್ಬರ ಮದುವೆ ಮಾತುಕತೆಯಲ್ಲೇ ಮುರಿದಿತ್ತು. ಆಮೇಲೆ ಅವಳು ಯಾರನ್ನೂ...

"ಏ ವಿವಿಕ್, ನಿಲ್ಸೇ! ನಾನ್ಯಾವಾಗ ಹೂ ಕಟ್ದೆ? ಅನ್ನ ಮಾರೋಳು ನಾನು."

"ಹೂ ಇದ್ರೆ ಓದೋರು ಸ್ವಲ್ಪ ಅಳ್ತಾರೆ, ಅಕ್ಕ."

"ಅಳೋರು ಅವ್ರವ್ರ ಮನೇಲಿ ಅಳ್ಲಿ. ತೆಂಗಿನಹಾಲಲ್ಲಿ ಬೇಯ್ಸಿದ ಅನ್ನ, ಕೋಳಿ, ಸೀಮೆಬದನೆ ಪಲ್ಯ, ಬಾಳೆಎಲೆ ಅಂತ ಬರಿ. ನಾಲ್ಕು ಗಿರಾಕಿಗಳಾದ್ರೂ ಬರ್ತಾರೆ."

(ಇವರೇ ನನ್ನ ನಾಯಕಿ, ಪರ್ತಿನಕ್ಕ. ನನ್ನ ಬಾಗಿಲ ಎದುರಿಗೇ ಇವರ ಬೆಳಗಿನ ಅಂಗಡಿ. ಬರೆದದ್ದನ್ನೆಲ್ಲ ಓದಿ ಹೇಳಲೇಬೇಕು, ಇಲ್ಲದಿದ್ದರೆ ಎಲೆಗೆ ಮೊಟ್ಟೆ ಬೀಳುವುದಿಲ್ಲ.)

೩

ಮದುವೆ ಏಕೆ ಮುರಿಯಿತು? ನಮ್ಮಲ್ಲಿ ಏಳು ದಿನದ ವಾರದ ಜೊತೆಗೆ ಐದು ದಿನದ ವಾರವೂ ನಡೆಯುತ್ತದೆ. ಅದರಲ್ಲಿ ವಾಗೆ ದಿನ ಹುಟ್ಟಿದವರು ಪಹಿಂಗ್ ದಿನ ಹುಟ್ಟಿದವರನ್ನು ಕಟ್ಟಿಕೊಳ್ಳಬಾರದು; ಕಟ್ಟಿಕೊಂಡರೆ ಮನೆಯಲ್ಲಿ ಸಾವು ಎನ್ನುತ್ತಾರೆ. ಮಾರ್ಗೊನೊ ವಾಗೆ, ಪರ್ತಿನಕ್ಕ ಪಹಿಂಗ್. ಹಿರಿಯರು ತಲೆ ಅಲ್ಲಾಡಿಸಿದರು. ಮಾರ್ಗೊನೊ ತಲೆ ತಗ್ಗಿಸಿಕೊಂಡು ಸುರಬಾಯಕ್ಕೆ ಹೋದರು.

ಈಗ ನನ್ನ ಸಂಕಟ ಕೇಳಿ. ನನ್ನ ಅಮ್ಮ ಈ ಗಲ್ಲಿಯ ಸೂಲಗಿತ್ತಿಯಾಗಿದ್ದಳು. ಈ ಮದುವೆ ಮಾತುಕತೆಯ ಹೊತ್ತಿಗೆ ಅವಳು ತೀರಿಕೊಂಡಿದ್ದಳು. ಹೋದ ತಿಂಗಳು ಗೆದ್ದಲು ಹಿಡಿದ ಬೀರು ಖಾಲಿ ಮಾಡುವಾಗ ಅವಳ ಹೆರಿಗೆ ಪುಸ್ತಕ ಸಿಕ್ಕಿತು. ಪರ್ತಿನಕ್ಕನ ಹೆಸರಿನ ಮುಂದೆ ತಾರೀಖು, ಕೆಳಗೆ ಪುಟ್ಟ ಅಕ್ಷರದಲ್ಲಿ "ದೀಪ ಹಚ್ಚಿದ ಮೇಲೆ".

ನಮ್ಮಲ್ಲಿ ದಿನ ಬದಲಾಗುವುದು ಸೂರ್ಯ ಮುಳುಗಿದಾಗ. ಅಂದರೆ ಅವರು ಪಹಿಂಗ್ ಅಲ್ಲವೇ ಅಲ್ಲ, ಮರುದಿನದ ಪೊನ್! ವಾಗೆಗೂ ಪೊನ್‌ಗೂ ಯಾವ ತಕರಾರೂ ಇಲ್ಲ. ಹಿರಿಯರು ಬರೀ ತಾರೀಖು ನೋಡಿದ್ದರು, ಹೊತ್ತೆಷ್ಟು ಎಂದು ಯಾರೂ ಕೇಳಿರಲಿಲ್ಲ.

೪

ಮುಕ್ತಾಯ ಅ: ಇಬ್ಬರನ್ನೂ ಕೂರಿಸಿ ಪುಸ್ತಕ ಓದುತ್ತೇನೆ, ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. (ಥೂ, ಟಿವಿ ಧಾರಾವಾಹಿ.)

ಮುಕ್ತಾಯ ಆ: ಪುಸ್ತಕವನ್ನು ಒಲೆಗೆ ಹಾಕುತ್ತೇನೆ. (ಅಮ್ಮನ ಕೈಬರಹ ಸುಡುವಷ್ಟು ಗಟ್ಟಿ ಎದೆ ನನಗಿಲ್ಲ.)

ನಾನು ಮಾಡಿದ್ದು ಇಷ್ಟು: ನಿನ್ನೆ ಪರ್ತಿನಕ್ಕ ತೆಂಗಿನಕಾಯಿ ತುರಿಯುತ್ತಿದ್ದಾಗ ಹೇಳಿಬಿಟ್ಟೆ. ಅವರು ಪೂರ್ತಿ ಕಾಯಿ ತುರಿದು ಮುಗಿಸಿದರು.

"ಅವ್ರಿಗೆ ಹೇಳ್ಬೇಡ."

"ಯಾಕಕ್ಕ?"

"ದಿನ ಕೂಡಿ ಬರ್ಲಿಲ್ಲ ಅಂತ ಹೋದ್ರು. ಅದನ್ನ ಹೆಂಗೋ ನುಂಗ್ಕೊಂಡೆ. ಈಗ ದಿನ ಸರಿಯಾಗೇ ಇತ್ತು ಅಂದ್ರೆ? ಸುಮ್‌ಸುಮ್ನೆ ಬಿಟ್ಟುಹೋದ ಹಂಗಾಗತ್ತೆ ಕಣೇ. ಹೊತ್ತೆಷ್ಟು ಅಂತ ಬಾಯ್ಬಿಟ್ಟು ಒಂದ್ಮಾತು ಕೇಳೋಷ್ಟೂ ನಾನು ಬೇಕಾಗಿರ್ಲಿಲ್ಲ ಅಂತಾಗತ್ತೆ."

ನನಗೆ ಅಳು ಬಂತು. ನಿಮಗೂ ಬರಲಿ ಎಂದು ಹೇಳುತ್ತಿಲ್ಲ, ನಿಜವಾಗಿ ಬಂತು.

೫

ಇವತ್ತು ಬೆಳಿಗ್ಗೆ ಮಾರ್ಗೊನೊ ಚೀಲ ಹಿಡಿದುಕೊಂಡೇ ಅಂಗಡಿಗೆ ಬಂದರು. ರೈಲಿಗೆ ಇನ್ನು ಅರ್ಧ ಗಂಟೆ. ನಾಲ್ಕು ದಿನದಿಂದ ದಿನಾ ಬಂದು ತಿಂದರೂ ಪಲ್ಯ ಚೆನ್ನಾಗಿದೆ ಎಂಬುದರ ಆಚೆ ಒಂದು ಮಾತೂ ಆಡಿರಲಿಲ್ಲ ಆ ಪುಣ್ಯಾತ್ಮ. ಇವತ್ತು ನನ್ನ ಕಡೆ ತಿರುಗಿದರು.

"ವಿವಿಕ್, ಪರ್ತಿನಿ ಹುಟ್ಟಿದ್ದು ಯಾವ ಹೊತ್ತಲ್ಲಿ ಅಂತ ನಿಮ್ಮಮ್ಮ ಎಲ್ಲಾದ್ರೂ ಬರೆದಿಟ್ಟಿದ್ರಾ? ಅವತ್ತೇ ನಾಲಿಗೆ ತುದಿಗೆ ಬಂದಿತ್ತು. ಅಪ್ಪನ ಎದುರು ಕೇಳೋ ಧೈರ್ಯ ಆಗ್ಲಿಲ್ಲ. ಮೂವತ್ತೈದು ವರ್ಷ ಆಯ್ತು, ಇನ್ನೂ ಅಲ್ಲೇ ಇದೆ."

ನಾನು ಪರ್ತಿನಕ್ಕನ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

"ದೀಪ ಹಚ್ಚಿ ಆಗಿತ್ತಂತೆ," ಎಂದರು ತಾವೇ. ಎಲೆಗೆ ಒಂದು ಸೌಟು ಅನ್ನ ಹಾಕಿದರು. "ನಿಂತ್ಕೊಂಡೇ ತಿಂತೀರಾ? ಚೀಲ ಕೆಳಗಿಟ್ಟು ಕೂತ್ಕೊಳ್ಳಿ."

೬

ಕೂತರೋ, ರೈಲಿಗೆ ಓಡಿದರೋ? ಬರೆಯಬಹುದು, ಪೆನ್ನು ನನ್ನ ಕೈಯಲ್ಲೇ ಇದೆ. ಕೂರಲಿ ಎಂದು ಮನಸ್ಸಿನ ತುಂಬ ಆಸೆಯೂ ಇದೆ, ಸುಳ್ಳೇಕೆ ಹೇಳಲಿ. ಆದರೆ ಇವರಿಬ್ಬರು ಏನು ಮಾಡಬೇಕೆಂದು ಒಮ್ಮೆ ಬೇರೆಯವರು ತೀರ್ಮಾನಿಸಿ ಆಗಿದೆ. ಇನ್ನೊಮ್ಮೆ ಆ ಕೆಲಸ ನಾನು ಮಾಡಲಾರೆ. ಪತ್ರಿಕೆಯವರು ಬೈದರೆ ಬೈದುಕೊಳ್ಳಲಿ.

ನನ್ನ ಎಲೆ ಎತ್ತಿಕೊಂಡು ಮನೆಯೊಳಗೆ ಬಂದೆ. ಹಿಂದಿರುಗಿ ನೋಡದೆ ಬಾಗಿಲು ಹಾಕಿಕೊಂಡೆ.