ಮುಸ್ಸಂಜೆಯ ಒಂದೇ ಕೂಗು

ಡ್ಯಾನ್ಯೂಬ್ ದಂಡೆಯ ಆ ಹಳ್ಳಿಯಲ್ಲಿ ‘ಬಾಬಾ’ ಅಂದರೆ ಬಲ್ಗೇರಿಯನ್ನರಿಗೆ ಅಜ್ಜಿ, ತುರ್ಕರಿಗೆ ಅಪ್ಪ. ಗುಡ್ಡದ ಗೋರಿಯಲ್ಲಿ ಮಲಗಿದ ಸಂತನೂ ಬಾಬಾನೇ. ಆ ಪದ ಯಾರ ಭಾಷೆಯಿಂದ ಯಾರಿಗೆ ಬಂತೆಂದು ಗಂಡಸರು ಕಾಫಿ ಅಂಗಡಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರು. ಹಲ್ಲು ಬಾರದ ಕೂಸಿನ ತುಟಿಯಿಂದ ಬಂತು, ಇನ್ನೆಲ್ಲಿಂದ ಬರಬೇಕು ಎನ್ನುವುದು ಬಲ್ಗೇರಿಯನ್ ಮುದುಕಿ ಗೇನಾಳ ವಾದ. ಹೆತ್ತು ಸಾಕಿದವಳಿಗೆ ಅಷ್ಟೂ ಗೊತ್ತಾಗದೆ?

ಆ ಚಳಿಗಾಲ ನದಿಯ ಮೇಲಿನ ಮಂಜುಗಡ್ಡೆ ಒಡೆದು, ಅವಳ ಮೊಮ್ಮಗ ರಾಡ್ಕೊ ಮತ್ತು ಪಕ್ಕದ ಮನೆಯ ತುರ್ಕ ನೆಜ್ಮಿಯ ಮಗಳು ಸೆಹೆರ್ ಒಟ್ಟಿಗೆ ಮುಳುಗಿದರು. ಹೆಣ ಸಿಗಲಿಲ್ಲ. ಅಂದಿನಿಂದ ಮುಸ್ಸಂಜೆಯಾದರೆ ನೆಜ್ಮಿಯ ಬೇಲಿಯಾಚೆ ಕೂಗು ಕೇಳುತ್ತಿತ್ತು. “ಬಾಬಾ!” ಒಂದೇ ಸಲ.

ಆ ಊರಲ್ಲಿ ಮಬ್ಬುಗತ್ತಲಾದ ಮೇಲೆ ಯಾರದೇ ಮನೆ ಮುಂದೆ ನಿಂತರೂ ಮೂರು ಸಲ ಕರೆಯಬೇಕು. ಒಂದೇ ಸಲ ಕರೆಯುವವರು ಸತ್ತವರು. ಅವರಿಗೆ ಓಗೊಟ್ಟವರು ಅವರ ಹಿಂದೆಯೇ ಹೋಗಬೇಕು. ಯಾರೂ ಓಗೊಡದಿದ್ದರೆ ಕೂಗು ನಿಲ್ಲುವುದಿಲ್ಲ.

ಒಂದು ಸಂಜೆ ಕೂಗು ಕೇಳಿದ್ದೇ ಗೇನಾ ನೆಜ್ಮಿಯ ಮನೆಗೆ ಓಡಿದಳು. ಅವನು ಆಗಲೇ ಅಗಳಿ ತೆಗೆದು ಹೊಸ್ತಿಲಲ್ಲಿ ನಿಂತಿದ್ದ. ತುಂಬು ಬಸುರಿ ಹೆಂಡತಿ ಅವನ ಅಂಗಿ ಹಿಡಿದು ಅಳುತ್ತಿದ್ದಳು. ಅವನು ಓಗೊಡಲು ಬಾಯಿ ತೆರೆಯುವಷ್ಟರಲ್ಲಿ ಗೇನಾ ಅವನ ಬಾಯಿಗೆ ಕೈ ಅಡ್ಡ ಇಟ್ಟಳು.

“ಬುಡಜ್ಜಿ! ನನ್ ಮಗ್ಳು ಚಳೀಲಿ ನಿಂತವ್ಳೆ.”

“ಮುಚ್ಚೋ ಬಾಯಿ, ಪೆದ್ದ! ಅದು ನಮ್ ರಾಡ್ಕೊ. ನನ್ನ ಕರೀತಾವ್ನೆ.”

“ಹುಡ್ಗಿ ದನಿ ಕಣಜ್ಜಿ...”

“ಸಾಕ್ದೋಳು ನಾನು. ನಂಗೊತ್ತಿಲ್ವಾ?”

ಚೆನ್ನಾಗಿಯೇ ಗೊತ್ತಿತ್ತು. ರಾಡ್ಕೊನದು ಒಡಕು ಗಂಟಲು. ಇದು ಸೆಹೆರಳದೇ ದನಿ. ರಾಡ್ಕೊ ಒಂದು ಸಂಜೆಯೂ ತನ್ನನ್ನು ಕರೆಯಲಿಲ್ಲವಲ್ಲ ಎಂದು ಮುದುಕಿಯ ಹೊಟ್ಟೆ ಉರಿಯುತ್ತಿತ್ತು. ಆದರೆ ಈ ಪೆದ್ದ ಹೋದರೆ ಹುಟ್ಟುವ ಕೂಸಿಗೆ ಯಾರು ಗತಿ?

“ಅಗಳಿ ಹಾಕ್ಕೊಳ್ಳೇ,” ಎಂದು ಅವನ ಹೆಂಡತಿಗೆ ಹೇಳಿ ಹೊರಗೆ ಕಾಲಿಟ್ಟವಳೇ ಗಟ್ಟಿಯಾಗಿ ಓಗೊಟ್ಟಳು. “ಓ... ಬಂದೆ!”

ಬೇಲಿಯ ಹತ್ತಿರ ಮಂಜಿನೊಳಗಿಂದ ಒಂದು ಪುಟ್ಟ ಒದ್ದೆ ಕೈ ಬಂದು ಅವಳ ಬೆರಳು ಹಿಡಿಯಿತು. ಹಿಡಿದು, ತಡವಿ ನೋಡಿತು.

“ನೀನಲ್ಲ. ನಮ್ಮಪ್ಪ ಬರ್ಲಿ.”

ಗೇನಾ ಆ ಕೈ ಬಿಡಲಿಲ್ಲ. “ಅವ್ನು ಬರಾಕಿಲ್ಲ ಕಣೇ. ಓಗೊಟ್ಟೋಳು ನಾನು. ನಡಿ.”

ಹುಡುಗಿ ಬೆಳಕಿದ್ದ ಕಿಟಕಿಯನ್ನೇ ಬಹಳ ಹೊತ್ತು ನೋಡಿದಳು. ಒಳಗೆ ಅಪ್ಪ ಅಳುವುದು ಇಬ್ಬರಿಗೂ ಕೇಳಿಸಿತು.

“ರಾಡ್ಕೊ ಎಲ್ಲವ್ನೇ?” ಗೇನಾ ತಡೆಯಲಾರದೆ ಕೇಳಿದಳು. “ಒಂದ್ಸಲಾನೂ ಕರೀಲಿಲ್ವಲ್ಲೇ ನನ್ನ.”

“ಅಲ್ಲೇ ಅವ್ನೆ. ಅಜ್ಜಿ ಬದುಕ್ಕೊಳ್ಳಿ, ನಾನು ಕರಿಯಾಕಿಲ್ಲ ಅಂದ.”

ಗೇನಾ ನಿಂತಲ್ಲೇ ಬಿಕ್ಕಿದಳು. ಆ ಕೈ ಆಗಲೇ ಅವಳನ್ನು ನದಿಯ ಕಡೆಗೆ ಎಳೆಯತೊಡಗಿತ್ತು.